ಸಣ್ಣ ವರ್ಚುವಲ್ ಶಾಲೆಯ ಅಂಕಿಅಂಶಗಳನ್ನು ಓದುವ ಬಗೆ

ನಮಸ್ಕಾರ. ಅಮೆರಿಕದಲ್ಲಿ ನಿಮ್ಮ ಮಗಳನ್ನು ಸೇರಿಸಬೇಕೆಂದಿರುವ ಸಣ್ಣ ವರ್ಚುವಲ್ (ಆನ್‌ಲೈನ್‌ನಲ್ಲೇ ಪಾಠ ನಡೆಯುವ) ಸರ್ಕಾರಿ ಶಾಲೆಯ ವರದಿಯಲ್ಲಿ ಏಷ್ಯನ್ ಮಕ್ಕಳ ಸಾಲಿಗೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಏಕಿದೆ, ಗಣಿತದ ಫಲಿತಾಂಶ ಒಂದೇ ವರ್ಷದಲ್ಲಿ ಕುಸಿದದ್ದೇಕೆ ಎಂದು ಕೇಳಿದ್ದೀರಿ.

ಆ ಚಿಹ್ನೆಯನ್ನು ಕಂಡು ಅನುಮಾನಪಡಬೇಕಾಗಿಲ್ಲ. ಗುಂಪಿನಲ್ಲಿ ಮಕ್ಕಳು ತೀರಾ ಕಡಿಮೆಯಿದ್ದರೆ ಯಾರ ಅಂಕವೆಂಬುದು ಗೊತ್ತಾಗಿಬಿಡುವುದರಿಂದ, ಪ್ರತಿ ರಾಜ್ಯವೂ ಒಂದು ಕನಿಷ್ಠ ಸಂಖ್ಯೆಯನ್ನು ನಿಗದಿಪಡಿಸಿ, ಅದಕ್ಕಿಂತ ಚಿಕ್ಕ ಗುಂಪಿನ ಫಲಿತಾಂಶವನ್ನು ಪ್ರಕಟಿಸುವುದಿಲ್ಲ. ಕುಸಿತದ ವಿಷಯದಲ್ಲೂ ಮೊದಲು ತಲೆ ಎಣಿಸಿ: 12 ಮಂದಿಯಷ್ಟೇ ಪರೀಕ್ಷೆ ಬರೆದಿದ್ದರೆ, ಒಂದೇ ಮಗುವಿನ ಏರುಪೇರಿನಿಂದ ಉತ್ತೀರ್ಣರ ಪ್ರಮಾಣ ಶೇ 8ರಷ್ಟು ಅಲುಗಾಡುತ್ತದೆ.

ಆದರೆ ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಎಂಬ ಶಿಕ್ಷಣ ಸಂಶೋಧನಾ ಕೇಂದ್ರವು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಆನ್‌ಲೈನ್ ಚಾರ್ಟರ್ ಶಾಲೆಗಳ (ಸರ್ಕಾರದ ಹಣದಲ್ಲಿ, ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆಗಳ) ಮಕ್ಕಳನ್ನು ಅವರಂಥದೇ ಹಿನ್ನೆಲೆಯ, ಸಾಮಾನ್ಯ ಸರ್ಕಾರಿ ಶಾಲೆಗಳ ಮಕ್ಕಳೊಡನೆ ಹೋಲಿಸಿ, ಆನ್‌ಲೈನ್ ಶಾಲೆಯ ಮಕ್ಕಳು ವರ್ಷಕ್ಕೆ ಗಣಿತದಲ್ಲಿ 180 ದಿನಗಳ ಕಲಿಕೆಯಷ್ಟೂ ಓದಿನಲ್ಲಿ 72 ದಿನಗಳ ಕಲಿಕೆಯಷ್ಟೂ ಹಿಂದುಳಿಯುತ್ತಾರೆಂದು ಅಂದಾಜಿಸಿತು. 180 ದಿನವೆಂದರೆ ಅಲ್ಲಿ ಒಂದು ಪೂರ್ತಿ ಶಾಲಾ ವರ್ಷ. ಇದು ನನ್ನನ್ನು ನಿಜಕ್ಕೂ ಕಳವಳಗೊಳಿಸಿದ ಅಂಕಿ.

ಆದ್ದರಿಂದ ವರ್ಷದ ನಡುವೆ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಬಿಟ್ಟರು, ಶೇ 95ರಷ್ಟು ಮಕ್ಕಳು ಪರೀಕ್ಷೆ ಬರೆಯಬೇಕೆಂಬ ಅಮೆರಿಕದ ಒಕ್ಕೂಟ (ಕೇಂದ್ರ) ಸರ್ಕಾರದ ಕಾನೂನಿನ ಅಪೇಕ್ಷೆ ಈಡೇರಿದೆಯೇ, ಶಿಕ್ಷಕರ ನೇರ ಪಾಠ ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಪ್ರವೇಶಕ್ಕೆ ಮುನ್ನವೇ ದಯವಿಟ್ಟು ಲಿಖಿತವಾಗಿ ಕೇಳಿ ಪಡೆಯಿರಿ.