ಸಾಲದ ಲೆಕ್ಕ ಒಬ್ಬರಲ್ಲೇ ಉಳಿದಾಗ: ರೊಟ್ಟಿ ಸಂಘವೊಂದರ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಕುಟುಂಬದ ವಿವರ, ಸದಸ್ಯರ ಸಂಖ್ಯೆ, ಹಣದ ಮೊತ್ತ ಇವನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ. ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮಹಿಳಾ ಸ್ವಸಹಾಯ ಸಂಘದ ಪ್ರತಿನಿಧಿಯಾಗಿದ್ದ, ನಲವತ್ತು ದಾಟಿದ ಈ ಮಹಿಳೆ 2020ರ ಜೂನ್ ಮೊದಲ ವಾರದಲ್ಲಿ ನಮ್ಮ ಸಲಹಾ ಕೇಂದ್ರಕ್ಕೆ ಕರೆ ಮಾಡಿದರು. ಸಮೀಕ್ಷೆಗೆಂದು ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಅವರ ಮುಖ ನೋಡಿ ನಮ್ಮ ದೂರವಾಣಿ ಸಂಖ್ಯೆ ಕೊಟ್ಟುಹೋಗಿದ್ದರು.

ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಎದೆ ಬಡಿದುಕೊಳ್ಳುತ್ತದೆ, ಇದು ಕೊರೊನಾ ಇರಬಹುದೇ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಜ್ವರ, ಕೆಮ್ಮು, ಉಬ್ಬಸ ಯಾವುದೂ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಕೊಳ್ಳಲು ಹೇಳಿ, ಈ ಎದೆಬಡಿತ ಯಾವ ಹೊತ್ತಿನಲ್ಲಿ ಹೆಚ್ಚಾಗುತ್ತದೆ ಎಂದು ಕೇಳಿದೆ. ಸ್ವಲ್ಪ ತಡೆದು ಹೇಳಿದರು: "ರೊಟ್ಟಿ ಬಡಿಯಾಕ ಬರೋ ಹೆಣ್ಮಕ್ಕಳು ಬಾಗಲಾಗ ಬಂದ್ ನಿಂತಾಗರಿ ಅಕ್ಕಾರ. ಅವರ ಮಾರಿ ನೋಡಾಕ ಆಗವಲ್ದು." ಪ್ರಕರಣದ ಬೇರು ಅಲ್ಲಿಯೇ ಇತ್ತು.

ಸಂಘದ ಹನ್ನೆರಡು ಸದಸ್ಯೆಯರಲ್ಲಿ ಎಂಟು ಜನ ಈ ಮಹಿಳೆಯ ಮನೆಯ ಪಡಸಾಲೆಯಲ್ಲಿ ಕುಳಿತು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ವಿದ್ಯಾರ್ಥಿ ವಸತಿನಿಲಯಗಳಿಗೆ ಮತ್ತು ಮದುವೆ ಮನೆಗಳಿಗೆ ಒದಗಿಸುತ್ತಿದ್ದರು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಿಂಗಾರಿ ಬಿಳಿಜೋಳದ ರಾಶಿಯಾಗಿ ದರ ಇಳಿದಿರುತ್ತದೆಂದು ಆ ವರ್ಷ ಸಂಘದ ಹೆಸರಿನಲ್ಲಿ ಬ್ಯಾಂಕಿನ ಸಾಲ ತೆಗೆದು ಇಡೀ ವರ್ಷಕ್ಕಾಗುವಷ್ಟು ಜೋಳ ಖರೀದಿಸಿಟ್ಟಿದ್ದರು. ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ಏಪ್ರಿಲ್ 26ಕ್ಕೆ ಬಿದ್ದಿದ್ದವು. ಅದರ ಆಸುಪಾಸಿನ ಮದುವೆಗಳಿಗೆ ಮುಂಗಡವೂ ಬಂದಿತ್ತು. ಮಾರ್ಚ್ 25ರಿಂದ ಎಲ್ಲವೂ ಬಂದ್ ಆಯಿತು. ವಸತಿನಿಲಯಗಳು ಖಾಲಿಯಾದವು, ಖಾನಾವಳಿಗಳಿಗೆ ಪಾರ್ಸಲ್ ಒಂದೇ ಗತಿಯಾಯಿತು, ಮದುವೆಗೆ ಐವತ್ತು ಜನರ ಮಿತಿ ಬಂತು. ಮುಂಗಡ ಕೊಟ್ಟವರು ಹಣ ಹೊಳ್ಳಿ ಕೇಳಲಾರಂಭಿಸಿದರು. ಅದನ್ನು ತೀರಿಸಲು ಈ ಮಹಿಳೆ ಮನೆಯಲ್ಲಿ ಯಾರಿಗೂ ತಿಳಿಸದೆ ತಮ್ಮ ಬಂಗಾರದ ಬೋರಮಾಳ ಸರವನ್ನು ಅಡವಿಟ್ಟಿದ್ದರು. ಅದರ ಜೊತೆಗೆ ಹಿಂದಿನ ವರ್ಷ ಸ್ವಂತ ಹೆಸರಿನಲ್ಲಿ ಕಿರುಸಾಲ (ಮೈಕ್ರೋ ಫೈನಾನ್ಸ್) ಸಂಸ್ಥೆಯಿಂದ ತೆಗೆದ ಸಾಲದ ಕಂತೂ ಇತ್ತು. ಬಾಡಿಗೆಗೆ ಟಂಟಂ (ಮೂರು ಗಾಲಿಯ ವಾಹನ) ಓಡಿಸುವ ಗಂಡನಿಗೂ ದುಡಿಮೆ ಇರಲಿಲ್ಲ.

ಈ ಎಲ್ಲ ಲೆಕ್ಕ ಇದ್ದುದು ಒಬ್ಬರ ತಲೆಯಲ್ಲಿ ಮಾತ್ರ. ಸಂಘಗಳು ಪಾಲಿಸಬೇಕಾದ ಪಂಚಸೂತ್ರಗಳಲ್ಲಿ ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿಗಳ ಜೊತೆಗೆ ಸರಿಯಾದ ಪುಸ್ತಕ ನಿರ್ವಹಣೆಯೂ ಒಂದು. ಗುಂಪು ಸೇರುವಂತಿಲ್ಲವೆಂದು ವಾರದ ಸಭೆ ನಿಂತಿತು. ಸಭೆ ನಿಂತ ಮೇಲೆ ಪುಸ್ತಕ ಬರೆಯುವುದೂ ನಿಂತಿತು. ಪುಸ್ತಕ ನಿಂತ ಮೇಲೆ ಸಂಘದ ಸಾಲವು ಅವರ ಮನಸ್ಸಿನಲ್ಲಿ ತಮ್ಮೊಬ್ಬರ ಸಾಲವಾಗಿ, ಕ್ರಮೇಣ ತಮ್ಮೊಬ್ಬರ ತಪ್ಪಾಗಿ ಬೆಳೆಯಿತು. ಆ ತಿಂಗಳುಗಳಲ್ಲಿ ನಾನು ಮಾತನಾಡಿದ ಸಣ್ಣ ವ್ಯಾಪಾರಿಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆನ್‌ಲೈನ್ ಮಾರಾಟ ಮಾಡಿ, ಹೊಸ ಗ್ರಾಹಕರನ್ನು ಹುಡುಕಿ ಎಂಬ ಸಲಹೆ ಆಗ ಎಲ್ಲೆಡೆ ಸಿಗುತ್ತಿತ್ತು, ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾಲದ ಗುಟ್ಟನ್ನು ಒಬ್ಬರೇ ಹೊತ್ತುಕೊಂಡು ಕುಳಿತವರು ಯಾವ ಹೊಸ ದಾರಿಯನ್ನೂ ಯೋಚಿಸಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ವ್ಯಾಪಾರದ ಮಾತನ್ನು ಬದಿಗಿಟ್ಟು, ಲೆಕ್ಕವನ್ನು ಹಂಚಿಕೊಳ್ಳುವ ಕೆಲಸವನ್ನು ಮೊದಲು ಕೈಗೆತ್ತಿಕೊಂಡೆವು.

ಅದಕ್ಕೂ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆಯಿತ್ತು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಲ್ಲಿದೆ, ಅದು ನಿಜವಲ್ಲ. ಯಾರಾದರೂ ಕೇಳಿದರಲ್ಲ ಎಂಬ ಸಮಾಧಾನವೇ ಬಹಳ ಸಲ ಕಾಣುತ್ತದೆ. "ಸತ್ತ ಹೋದ್ರ ಚೊಲೊ ಅನಸ್ತದರಿ, ಆದ್ರ ಹಂಗ ಮಾಡ್ಕೋಬೇಕಂತ ಏನೂ ಹಾಕ್ಕೊಂಡಿಲ್ಲ" ಎಂದು ಅವರು ಉತ್ತರಿಸಿದರು. ಜೋಳ ತುಂಬಿದ ಮನೆಯಾದ್ದರಿಂದ, ಕಾಳಿಗೆ ಹುಳು ಬೀಳದಂತೆ ಇಡುವ ವಿಷದ ಔಷಧಿ ಮನೆಯಲ್ಲಿ ಇದೆಯೇ ಎಂದು ಕೇಳಿದೆ. ಇತ್ತು. ಅದನ್ನು ಅಂದೇ ನಾದಿನಿಯ ಕೈಗೆ ಕೊಟ್ಟು ಮನೆಯಿಂದ ಹೊರಗೆ ಸಾಗಿಸಲು ಒಪ್ಪಿಸಿ, ಆ ನಾದಿನಿಯೊಂದಿಗೆ ಅವರ ಎದುರಿಗೇ ಫೋನಿನಲ್ಲಿ ಮಾತನಾಡಿದೆ. ಕಾಳಿಗೆ ಒಣಗಿದ ಬೇವಿನ ಸೊಪ್ಪು ಬೆರೆಸಿ ಇಡುವುದು ಆ ಮನೆಗೆ ಹೊಸದೇನಾಗಿರಲಿಲ್ಲ. ರಾತ್ರಿ ಹೊತ್ತು ಯೋಚನೆ ಬಲವಾದರೆ ಯಾರನ್ನು ಎಬ್ಬಿಸಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಕಾಗದದ ಮೇಲೆ ಬರೆಸಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿಗೆ ಪರಿಚಯ ಪತ್ರ ಕೊಟ್ಟೆ. ವೈದ್ಯರು ಕೆಲವು ತಿಂಗಳು ಮಾತ್ರೆ ಕೊಟ್ಟರು. ನಿದ್ದೆ ಮರಳಿದ ಮೇಲೆಯೇ ನಮ್ಮ ಮಾತುಕತೆಗೆ ಕಸುವು ಬಂತೆಂದು ಹೇಳಬೇಕು.

ಮುಂದಿನ ಸಲಹೆ ಗಂಡನಿಗೆ ಹೇಳುವುದರ ಕುರಿತಾಗಿತ್ತು. ಬೋರಮಾಳದ ವಿಷಯ ತಿಳಿದರೆ ಮನೆಯಲ್ಲಿ ರಂಪವಾಗುತ್ತದೆ ಎಂಬ ಅಂಜಿಕೆ ಅವರಿಗಿತ್ತು. ಮೈಮೇಲೆ ಕೈ ಮಾಡುವ ಮನುಷ್ಯನೇ ಎಂದು ಮೊದಲು ವಿಚಾರಿಸಿದೆ. ಹಾಗಿದ್ದರೆ ಈ ಸಲಹೆಯನ್ನೇ ನಾನು ಕೊಡುತ್ತಿರಲಿಲ್ಲ. ಅಲ್ಲವೆಂದು ಖಚಿತವಾದ ಮೇಲೆ, ಯಾವ ಹೊತ್ತಿನಲ್ಲಿ, ಯಾವ ಮಾತಿನಿಂದ ಆರಂಭಿಸಬೇಕೆಂದು ಫೋನಿನಲ್ಲಿಯೇ ಅಭ್ಯಾಸ ಮಾಡಿದೆವು. ಗಂಡ ಎರಡು ದಿನ ಮಾತು ಬಿಟ್ಟಿದ್ದರು, ಮೂರನೆಯ ದಿನ ತಾವೇ ಕುಳಿತು ಯಾರಿಗೆ ಎಷ್ಟು ಕೊಡಬೇಕು ಎಂದು ಬರೆದುಕೊಂಡರು ಎಂದು ನಂತರ ತಿಳಿಯಿತು.

ಆ ಬರಹದಿಂದ ಎರಡು ಸಂಗತಿಗಳು ಹೊರಬಂದವು. ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಮೂರು ತಿಂಗಳ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟು, ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತ್ತು. ಕಿರುಸಾಲ ಸಂಸ್ಥೆಗಳೂ ಗ್ರಾಹಕರಿಗೆ ಈ ಸೌಲಭ್ಯ ಕೊಡಬಹುದಿತ್ತು. ಆದರೆ ಕಂತು ವಸೂಲಿಗೆ ಬರುತ್ತಿದ್ದ ಯುವಕ ಆ ಮಾತನ್ನು ಎತ್ತಿರಲೇ ಇಲ್ಲ. ಶಾಖೆಗೆ ಲಿಖಿತ ಅರ್ಜಿ ಕೊಡಲು, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಲು ಹೇಳಿದೆ. ಕಂತು ಮುಂದೆ ಹೋದರೂ ಬಡ್ಡಿ ಓಡುತ್ತಲೇ ಇರುತ್ತದೆ, ಇದು ಮನ್ನಾ ಅಲ್ಲ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿದೆ. ಮನ್ನಾ ಆಯಿತೆಂದು ನಂಬಿ ಸೆಪ್ಟೆಂಬರಿನಲ್ಲಿ ಕಂಗಾಲಾದ ಕುಟುಂಬಗಳೂ ಇದ್ದವು. ಹೆಚ್ಚಿನ ಬಡ್ಡಿಯ ಸಾಲಕ್ಕೆ ಆದಷ್ಟು ಕಟ್ಟುತ್ತ, ಕಡಿಮೆ ಬಡ್ಡಿಯ ಬ್ಯಾಂಕಿನ ಸಾಲವನ್ನು ಮುಂದೂಡುವುದು ಅವರ ಸ್ಥಿತಿಗೆ ಸರಿಹೊಂದಿತು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಅವರು ಮೂರು ತಿಂಗಳಿಂದ "ಸಾಲ" ಎಂದು ಹೆದರುತ್ತಿದ್ದ ಹಣದ ಬಹುಭಾಗ ಜೋಳದ ರೂಪದಲ್ಲಿ ಒಳಕೋಣೆಯಲ್ಲಿ ಚೀಲ ಚೀಲವಾಗಿ ಹಾಗೆಯೇ ಇತ್ತು. ಹಣ ಕಳೆದುಹೋಗಿರಲಿಲ್ಲ. ಇದನ್ನು ಕಾಗದದ ಎಡಬದಿಗೆ ಸಾಲ, ಬಲಬದಿಗೆ ಇರುವ ಮಾಲು ಎಂದು ಬರೆಸಿದಾಗ ಅವರ ದನಿಯೇ ಬದಲಾಯಿತು.

ಅದೇ ಕಾಗದವನ್ನು ಹಿಡಿದು ಸಂಘದ ಸಭೆ ಕರೆಯಬೇಕೆಂಬುದು ನನ್ನ ಸಲಹೆ. ಜೂನ್ ಎರಡನೆಯ ವಾರ, ಮನೆಯ ಹಿಂದಿನ ಹಿತ್ತಲಿನಲ್ಲಿ, ದೂರ ದೂರ ಕುಳಿತು, ಮುಖಕ್ಕೆ ಸೆರಗು ಕಟ್ಟಿಕೊಂಡು ಹನ್ನೆರಡು ಜನ ಸೇರಿದರು. ನಾನು ಸ್ಪೀಕರ್ ಫೋನಿನಲ್ಲಿದ್ದೆ, ಬಹುಮಟ್ಟಿಗೆ ಸುಮ್ಮನಿದ್ದೆ. ಒಬ್ಬ ಸದಸ್ಯೆ ಸಿಟ್ಟಿನಿಂದ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ಸಂಘದ ಸಾಲದ ಜೋಳ ತಂದು ಮೂರು ತಿಂಗಳು ನಮಗೆ ಲೆಕ್ಕ ಯಾಕೆ ಹೇಳಲಿಲ್ಲ? ಅದಕ್ಕೆ ಸಮರ್ಥನೆ ಕೊಡಬೇಡಿ, ಹೇಳಬೇಕಾಗಿತ್ತು ಎಂದು ಒಪ್ಪಿಕೊಳ್ಳಿ ಎಂದು ಮೊದಲೇ ಮಾತಾಗಿತ್ತು. ಅವರು ಹಾಗೆಯೇ ಒಪ್ಪಿಕೊಂಡರು. ಬಳಿಕ ಮಾತು ತಾನಾಗಿ ಜೋಳವನ್ನು ಏನು ಮಾಡುವುದು ಎಂಬುದರ ಕಡೆ ತಿರುಗಿತು. ಉತ್ತರ ಕೊಟ್ಟವರು ಸಲಹಾರ್ಥಿಯ ವಯಸ್ಸಾದ ಅತ್ತೆ. ಮೆತ್ತನ್ನ ರೊಟ್ಟಿ ಅಂದೇ ಹೋಗಬೇಕು, ಖಡಕ್ ರೊಟ್ಟಿಗೆ ಆ ಅವಸರವಿಲ್ಲ, ಬರಗಾಲದಲ್ಲಿ ದುಡಿಯಲು ದೂರದ ಊರಿಗೆ ಹೋಗುವವರಿಗೆ ತಾವು ಅದನ್ನೇ ಕಟ್ಟಿಕೊಡುತ್ತಿದ್ದೆವು ಎಂದರು.

ಅಲ್ಲಿಂದ ಮುಂದಿನದು ಅವರ ಕಸುಬಿನ ಜ್ಞಾನ. ಖಡಕ್ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಮಗ್ಗುಲಲ್ಲಿ ಕೆಂಡದ ಕಾವಿಗೆ ನಿಲ್ಲಿಸಿ ಒಣಗಿಸುತ್ತಾರೆ. ಮುರಿದಾಗ ಚಟ್ಟೆಂದು ಸದ್ದಾಗಬೇಕು, ನಡುವೆ ಬಾಗಿದರೆ ಪಸೆ ಉಳಿದಿದೆ ಎಂದರ್ಥ. ಮಳೆಗಾಲದಲ್ಲಿ ಪಸೆ ಉಳಿದ ಒಂದು ರೊಟ್ಟಿ ಇಡೀ ಕಟ್ಟಿಗೆ ಬೂಸರು ಹಿಡಿಸುತ್ತದೆ. ಮೊದಲ ಸಲ ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿದ ಡಬ್ಬದಲ್ಲಿ ಅರ್ಧದಷ್ಟು ಚೂರಾಗಿ ತಲುಪಿತು. ಮುಂದೆ ಹತ್ತು ಹತ್ತು ರೊಟ್ಟಿಗಳ ಮೇಲೆ ಕೆಳಗೆ ಗುಂಡಗೆ ಕತ್ತರಿಸಿದ ರಟ್ಟು ಇಟ್ಟು ಬಿಗಿಯಾಗಿ ಸುತ್ತುವುದನ್ನು ಕಲಿತರು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ಸೇರಿದವು. ಸದಸ್ಯೆಯೊಬ್ಬರ ಮಗಳು ವಾಟ್ಸಾಪಿನಲ್ಲಿ ಬೇಡಿಕೆ ಪಡೆಯತೊಡಗಿದಳು. ಊರೊಳಗೆ ತಲುಪಿಸುವ ಕೆಲಸಕ್ಕೆ ನಿಂತಿದ್ದ ಟಂಟಂ ಹೊರಟಿತು.

ವ್ಯಾಪಾರದಲ್ಲಿ ನಾನು ಪಟ್ಟು ಹಿಡಿದದ್ದು ಎರಡೇ ವಿಷಯಕ್ಕೆ. ದರ ನಿಗದಿ ಮಾಡುವಾಗ ಜೋಳ, ಗಿರಣಿ, ಕಟ್ಟಿಗೆ, ರಟ್ಟು, ಮುರಿದುಹೋಗುವ ರೊಟ್ಟಿ ಎಲ್ಲವನ್ನೂ ಬರೆಯುವುದರ ಜೊತೆಗೆ ಪ್ರತಿನಿಧಿಯ ಸ್ವಂತ ದುಡಿಮೆಗೂ ಕೂಲಿ ಹಿಡಿಯಬೇಕು. ಅಷ್ಟು ವರ್ಷ ಅವರು ತಮ್ಮ ಕೂಲಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಮತ್ತು ಅದನ್ನು ತ್ಯಾಗವೆಂದು ಭಾವಿಸಿದ್ದರು. ಇನ್ನೊಂದು, ವಾರದ ಲೆಕ್ಕವನ್ನು ಇನ್ನು ಮುಂದೆ ಬೇರೊಬ್ಬ ಸದಸ್ಯೆ ಬರೆದು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಆಹಾರ ಸುರಕ್ಷತೆಯ ನೋಂದಣಿ ಅವರು ಅಂಜಿದಷ್ಟು ಕಷ್ಟದ್ದಾಗಿರಲಿಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದವರಿಗೆ ಆಗ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ ಇತ್ತು.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಮೊದಲಿನ ಆದಾಯ ಆ ವರ್ಷ ಮರಳಲಿಲ್ಲ. ಸಿಟ್ಟಾಗಿದ್ದ ಸದಸ್ಯೆ ದೀಪಾವಳಿಯ ಹೊತ್ತಿಗೆ ಸಂಘ ಬಿಟ್ಟು ಗಂಡನೊಂದಿಗೆ ಗೋವಾಕ್ಕೆ ದುಡಿಯಲು ಹೋದರು. ಅವರಿಬ್ಬರ ಮಾತು ಮತ್ತೆ ಕೂಡಲಿಲ್ಲ. ಬೋರಮಾಳ ಬಿಡಿಸಿಕೊಳ್ಳಲು ಮುಂದಿನ ವರ್ಷದವರೆಗೆ ಕಾಯಬೇಕಾಯಿತು. ಆದರೆ ಸಲಹಾರ್ಥಿಯ ನಿದ್ದೆ, ಊಟ ಸುಧಾರಿಸಿದವು, ಸಾಯುವ ಯೋಚನೆ ದೂರವಾಯಿತು, ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು.

ಇಂಥ ಸ್ಥಿತಿಯಲ್ಲಿ ಇರುವವರು, ಅವರ ಮನೆಯವರು ಇದನ್ನು ಓದುತ್ತಿದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಂಘಗಳ ಜೊತೆ ಕೆಲಸ ಮಾಡುವ ಆಪ್ತಸಲಹೆಗಾರರಲ್ಲಿ ನನ್ನ ವಿನಂತಿ, ಪ್ರತಿನಿಧಿಯೊಬ್ಬರು ಸಭೆ ಕರೆಯುವುದನ್ನು ಮುಂದೂಡುತ್ತಿದ್ದರೆ ಅದನ್ನು ಸೋಮಾರಿತನವೆಂದು ಎಣಿಸದೆ ಒಂದು ಲಕ್ಷಣವೆಂದು ಪರಿಗಣಿಸಿ, ಒಬ್ಬರನ್ನೇ ಬದಿಗೆ ಕರೆದು ಮಾತನಾಡಿಸಿ.

2021ರ ಎರಡನೆಯ ಅಲೆಯಲ್ಲಿ, ಮೇ 10ರಿಂದ ರಾಜ್ಯದಲ್ಲಿ ಮತ್ತೆ ಬಿಗಿಯಾದ ನಿರ್ಬಂಧ ಬಂದಾಗ, ಅವರು ಪುನಃ ಕರೆ ಮಾಡಿದರು. ಸದಸ್ಯೆಯೊಬ್ಬರ ಗಂಡ ಕೋವಿಡ್‌ನಿಂದ ತೀರಿಕೊಂಡಿದ್ದರು. ಆಕೆಯ ಪಾಲಿನ ಕಂತನ್ನು ಆರು ತಿಂಗಳು ಸಂಘದ ಉಳಿತಾಯದಿಂದ ಕಟ್ಟಲು ಸಭೆಯಲ್ಲಿ ಠರಾವು ಮಾಡಿ, ಪುಸ್ತಕದಲ್ಲಿ ಬರೆದು, ಎಲ್ಲರ ಸಹಿ ತೆಗೆದುಕೊಂಡಿದ್ದರು. ಕರೆ ಮಾಡಿದ್ದು ಅದಕ್ಕಾಗಿ ಅಲ್ಲ. "ಅಕಿ ಒಟ್ಟ ಮಾತಾಡವಲ್ಳುರಿ ಅಕ್ಕಾರ. ನೀವು ನನಗ ಕೇಳಿದ್ದ ಆ ಪ್ರಶ್ನೆ ನಾನ ಅಕಿಗೆ ಕೇಳೀನಿ. ಈಗ ಫೋನ್ ಅಕಿ ಕೈಯಾಗ ಕೊಡ್ತೀನಿ, ನೀವು ಮಾತಾಡ್ರಿ" ಎಂದರು.