ಗೆರೆ ಎಲೆಯ ಅಂಚಿನಲ್ಲೇ ನಿಲ್ಲಬೇಕು

ಪ್ರಶ್ನೆ: ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಎಲೆಯ ಆಕಾರ ಬರೆದು, ಮೇಲೆ 40 ಓರೆ ಗೆರೆ ಎಳೆದಿದ್ದೇನೆ. ಹೊರಗೆ ಚಾಚಿದ ತುದಿಗಳನ್ನು ಕತ್ತರಿಸಬೇಕು. ಇಂಟರ್‌ಸೆಕ್ಷನ್ (ಎರಡು ಆಕಾರ ಒಂದರ ಮೇಲೊಂದು ಬರುವ ಭಾಗವನ್ನಷ್ಟೇ ಉಳಿಸುವ ಆಜ್ಞೆ) ಒತ್ತಿದರೆ ಗೆರೆಗಳೇ ಮಾಯವಾಗುತ್ತವೆ. ಏನು ಮಾಡಲಿ?

ಉತ್ತರ: ಇಂಟರ್‌ಸೆಕ್ಷನ್ ನೋಡುವುದು ಒಳಗಿನ ಜಾಗವನ್ನು. ನೇರ ಗೆರೆಗೆ ಒಳಗಿನ ಜಾಗ ಎಲ್ಲಿದೆ? ಹಾಗಾಗಿ ಏನೂ ಉಳಿಯುವುದಿಲ್ಲ.

ಬರೀ ಪ್ರಿಂಟ್‌ಗಾದರೆ ಕ್ಲಿಪ್ ಸಾಕು, ಅದು ಆಕಾರದ ಹೊರಗಿರುವುದನ್ನು ಮರೆಮಾಡುತ್ತದೆ. ಗೆರೆಗಳನ್ನು ಗ್ರೂಪ್ ಮಾಡಿ, ಎಲೆಯ ನಕಲನ್ನು ಎಲ್ಲಕ್ಕಿಂತ ಮೇಲಿಡಿ. ಎರಡನ್ನೂ ಆರಿಸಿ ಆಬ್ಜೆಕ್ಟ್ ಮೆನುವಿನಲ್ಲಿ ಕ್ಲಿಪ್ ಕೊಡಿ. ಆದರೆ ಗೆರೆ ತುಂಡಾಗಿರುವುದಿಲ್ಲ, ಸುಮ್ನೆ ಮರೆಯಾಗಿರುತ್ತದೆ ಅಷ್ಟೇ. ಇದನ್ನು ನಾನು ಕಲಿತದ್ದು ಪೆನ್ ಪ್ಲಾಟರ್ (ಪೆನ್ನಿನಿಂದ ಹಾಳೆಯ ಮೇಲೆ ಗೆರೆ ಎಳೆಯುವ ಯಂತ್ರ) ಮುಂದೆ. ಮೂರು ದಿನ ಕೂತು ಬರೆದ ಮೀನಿನ ಚಿತ್ರ ಅದು. ಮರೆಯಲ್ಲಿದ್ದ ತುದಿಗಳನ್ನೂ ಪೆನ್ನು ಎಳೆದುಬಿಟ್ಟಿತು. ಆ ಹಾಳೆ ನೋಡಿ ನಿಜಕ್ಕೂ ಸಂಕಟವಾಯಿತು.

ಪ್ಲಾಟರ್, ಲೇಸರ್ ಯಂತ್ರಕ್ಕಾದರೆ ನಿಜವಾಗಿ ಕತ್ತರಿಸಿ. ಎಲ್ಲ ಗೆರೆಗಳನ್ನು ಆರಿಸಿ ಕಂಟ್ರೋಲ್-ಕೆ ಒತ್ತಿ, ಎಲ್ಲ ಸೇರಿ ಒಂದೇ ಪಾಥ್ (ಒಂದೇ ವಸ್ತುವಾದ ಗೆರೆ) ಆಗುತ್ತದೆ. ಎಲೆಯನ್ನು ಕಂಟ್ರೋಲ್-ಡಿಯಿಂದ ನಕಲು ಮಾಡಿ. ಇದನ್ನು ಮರೆಯಬೇಡಿ, ಕತ್ತರಿಯಾಗುವ ಆಕಾರ ಉಳಿಯುವುದಿಲ್ಲ! ಹೋಮ್ ಕೀ ಒತ್ತಿದರೆ ನಕಲು ಮೇಲೆ ಬರುತ್ತದೆ. ಈಗ ನಕಲು, ಗೆರೆ ಎರಡನ್ನೂ ಆರಿಸಿ ಪಾಥ್ ಮೆನುವಿನಲ್ಲಿ ಕಟ್ ಪಾಥ್ ಕೊಡಿ. ಅಂಚು ತಾಗಿದಲ್ಲೆಲ್ಲ ಗೆರೆ ತುಂಡಾಗುತ್ತದೆ. ಹೊರಗಿನ ತುಂಡುಗಳನ್ನು ಶಿಫ್ಟ್ ಹಿಡಿದು ಒಂದೊಂದಾಗಿ ಆರಿಸಿ ಅಳಿಸಿ. 40 ಗೆರೆಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಆದರೆ ಪ್ಲಾಟರ್ ಪೆನ್ನು ಅಂಚಿನಲ್ಲೇ ನಿಲ್ಲುತ್ತದೆ.