ಹ್ಯೂ ಗ್ಲಾಸ್‌ನ ನಿಜವಾದ ಇತಿಹಾಸ ಗೊತ್ತಾದ ಮೇಲೂ ‘ದಿ ರೆವೆನಂಟ್’ ನೋಡಬೇಕೇ?

‘ದಿ ರೆವೆನಂಟ್’ ಎಂಬ ಹಾಲಿವುಡ್ ಸಿನಿಮಾದ ನಾಯಕ ಹ್ಯೂ ಗ್ಲಾಸ್ ಅಮೆರಿಕದಲ್ಲಿ ನಿಜಕ್ಕೂ ಇದ್ದ ಬೇಟೆಗಾರ. ಆ ನಿಜವಾದ ಗ್ಲಾಸ್ ತನ್ನನ್ನು ಸಾಯಲು ಬಿಟ್ಟುಹೋದವರನ್ನು ಕ್ಷಮಿಸಿದ್ದ, ಸಿನಿಮಾದವರು ಮಗನ ಕೊಲೆಯನ್ನು ಸೇರಿಸಿ ಅದನ್ನು ಸೇಡಿನ ಕಥೆ ಮಾಡಿದ್ದಾರೆ, ಹಾಗಿರುವಾಗ ಎರಡೂವರೆ ಗಂಟೆ ಕುಳಿತು ಅದನ್ನು ನೋಡುವುದೇಕೆ ಎಂದು ಕೇಳಿದ್ದೀರಿ. 2016ರಲ್ಲಿ ಇದೇ ತಕರಾರನ್ನು ತಲೆಯಲ್ಲಿಟ್ಟುಕೊಂಡು ಬೆಂಗಳೂರಿನ ಒಂದು ಚಿತ್ರಮಂದಿರಕ್ಕೆ ಹೋದವನು ನಾನು. ಮಧ್ಯಂತರದಲ್ಲಿ ಎದ್ದು ಮನೆಗೆ ಬಂದುಬಿಟ್ಟೆ.

ಹೋಗುವ ಮುನ್ನ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದೆ. 1823ರ ಆಗಸ್ಟ್‌ನಲ್ಲಿ, ಈಗಿನ ದಕ್ಷಿಣ ಡಕೋಟಾದ ಗ್ರ್ಯಾಂಡ್ ನದಿಯ ಬಳಿ, ತುಪ್ಪಳದ ವ್ಯಾಪಾರಕ್ಕೆ ಹೊರಟಿದ್ದ ತಂಡದಲ್ಲಿದ್ದ ಗ್ಲಾಸ್‌ನ ಮೇಲೆ ಗ್ರಿಜ್ಲಿ ಕರಡಿ ಎರಗಿತು. ಅವನ ಕೊನೆಯುಸಿರಿನವರೆಗೆ ಜೊತೆಗಿರಲೆಂದು ಹಣದ ಆಸೆ ತೋರಿಸಿ ಉಳಿಸಿದ್ದ ಇಬ್ಬರು, ಅವನ ಬಂದೂಕನ್ನೂ ಎತ್ತಿಕೊಂಡು ಹೊರಟುಹೋದರು. ಅವನು ತೆವಳುತ್ತ, ಕುಂಟುತ್ತ, ಸುಮಾರು 320 ಕಿಲೋಮೀಟರ್ ದೂರದ ಮಿಸೌರಿ ನದಿಯ ದಡದ ಕಿಯೊವಾ ಕೋಟೆಯನ್ನು ಸೇರಿದ. ಅದು ಬೇಸಿಗೆ ಮುಗಿಯುವ ಕಾಲ, ಹುಲ್ಲುಗಾವಲಿನ ಬಯಲು. ಪರದೆಯ ಮೇಲಾದರೋ ಹಿಮ, ದೇವದಾರು, ಬಂಡೆ. ಜೊತೆಗೆ ಪಾನೀ ಬುಡಕಟ್ಟಿನ ತಾಯಿಗೆ ಹುಟ್ಟಿದ ಮಗ. ಅಂಥ ಮಗನಿದ್ದನೆಂಬುದಕ್ಕೆ ಆಧಾರವಿಲ್ಲ. ಒಂದೊಂದು ದೃಶ್ಯ ಬಂದಾಗಲೂ ಇದು ಸುಳ್ಳು, ಅದು ಸುಳ್ಳು ಎಂದು ಲೆಕ್ಕ ಬರೆದುಕೊಳ್ಳುತ್ತಿದ್ದೆನೇ ಹೊರತು ಎದುರಿಗಿದ್ದುದನ್ನು ನೋಡಲಿಲ್ಲ.

ಆ ತಪ್ಪಿನಿಂದ ಏನು ಕಳೆದುಕೊಂಡೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಛಾಯಾಗ್ರಾಹಕ ಎಮ್ಯಾನುಯೆಲ್ ಲುಬೆಜ್ಕಿ ಈ ಚಿತ್ರವನ್ನು ಬಹುಮಟ್ಟಿಗೆ ಸಹಜ ಬೆಳಕಿನಲ್ಲೇ ಸೆರೆಹಿಡಿದಿದ್ದಾರೆ. ಕೆನಡಾದ ಚಳಿಗಾಲದ ಹಗಲು ಚಿಕ್ಕದು. ಅದರಲ್ಲೂ ಅವರಿಗೆ ಬೇಕಾದ ಬೆಳಕು ದಿನಕ್ಕೆ ಅಲ್ಪ ಹೊತ್ತು ಮಾತ್ರ ಸಿಗುತ್ತಿದ್ದುದರಿಂದ ಚಿತ್ರೀಕರಣ ಎಳೆಯುತ್ತಲೇ ಹೋಯಿತು, ಕೊನೆಗೆ ಹಿಮ ಸಾಲದೆ ತಂಡವು ಅರ್ಜೆಂಟೀನಾದ ದಕ್ಷಿಣ ತುದಿಗೆ ಹೋಗಬೇಕಾಯಿತು. ಅಗಲ ಕೋನದ ಲೆನ್ಸನ್ನು ನಟನ ಮುಖಕ್ಕೆ ತೀರ ಹತ್ತಿರ ಹಿಡಿಯುವುದು ಅವರ ರೀತಿ. ಮಗನ ಶವದ ಪಕ್ಕದಲ್ಲಿ ಮಲಗಿದ ಗ್ಲಾಸ್‌ನ ಉಸಿರು ಲೆನ್ಸಿನ ಮೇಲೆಯೇ ಮಂಜಾಗಿ ಕೂಡುತ್ತದೆ. ಮುಖದಲ್ಲಿನ ಒಣರಕ್ತವೂ ಅದರ ಹಿಂದಿನ ಬೆಟ್ಟಸಾಲೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವಂತೆ ಹೂಡಿದ ಇಂಥ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡುವ ಅವಕಾಶವನ್ನು ಕೈಯಾರೆ ಬಿಟ್ಟು, ಎಷ್ಟೋ ವರ್ಷಗಳ ನಂತರ ಉಳಿದರ್ಧವನ್ನು ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಮುಸ್ಸಂಜೆಯ ದೃಶ್ಯಗಳೆಲ್ಲ ಬರಿಯ ಕಪ್ಪು ಕಲೆಗಳಾಗಿ ಕಂಡವು. ಸತ್ತ ಕುದುರೆಯ ಒಡಲನ್ನು ಬಗೆದು, ಅದರೊಳಗೆ ಮುದುಡಿ ರಾತ್ರಿ ಕಳೆದವನು ಬೆಳಿಗ್ಗೆ ಹೊರಬರುವಾಗ ಸುತ್ತಲಿನ ಬಿಳುಪು ಎಷ್ಟು ವಿಶಾಲವೆಂದು ಕಾಣದಿದ್ದರೆ ಆ ದೃಶ್ಯದಲ್ಲಿ ಉಳಿಯುವುದು ಹೇಸಿಗೆ ಮಾತ್ರ.

ಇನ್ನು ನೀವು ಹಿಡಿದಿರುವ ‘ನಿಜವಾದ ಇತಿಹಾಸ’ದ ವಿಷಯ. ಅದನ್ನು ನಾನು ನೀವು ಹೇಳಿದಂತೆ ಒಪ್ಪಲಾರೆ. ಗ್ಲಾಸ್ ಈ ಅನುಭವವನ್ನು ತಾನೇ ಬರೆದಿಡಲಿಲ್ಲ. 1825ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಜೇಮ್ಸ್ ಹಾಲ್ ಎಂಬ ವಕೀಲರು ಬರೆದ ಲೇಖನದಿಂದ ಅದು ಜನರಿಗೆ ತಿಳಿಯಿತು, ಆಮೇಲೆ ಹೇಳಿದವರೆಲ್ಲ ತಮ್ಮ ಪಾಲನ್ನು ಸೇರಿಸಿದರು. ಬಿಟ್ಟುಹೋದವರಲ್ಲಿ ಕಿರಿಯವನು, ಮುಂದೆ ಹೆಸರಾಂತ ಬೇಟೆಗಾರನಾದ ಜಿಮ್ ಬ್ರಿಡ್ಜರ್ ಎಂಬುದೂ ನಂತರ ಅಂಟಿಕೊಂಡ ಹೆಸರೇ. ಕ್ಷಮೆಯ ಮಾತನ್ನೂ ಸರಿಯಾಗಿ ನೋಡಿ: ಕಿರಿಯವನನ್ನು ಹುಡುಗನೆಂದು ಬಿಟ್ಟ, ಇನ್ನೊಬ್ಬನಾದ ಫಿಟ್ಜ್‌ಜೆರಾಲ್ಡ್ ಅಷ್ಟರಲ್ಲಿ ಸೈನ್ಯಕ್ಕೆ ಸೇರಿ ಅಟ್ಕಿನ್ಸನ್ ಕೋಟೆಯಲ್ಲಿದ್ದುದರಿಂದ, ಸೈನಿಕನನ್ನು ಕೊಂದರೆ ತನಗೂ ಗಲ್ಲು ಎಂಬ ಸ್ಥಿತಿಯಲ್ಲಿ ಗ್ಲಾಸ್ ಬಂದೂಕನ್ನು ವಾಪಸು ಪಡೆದು ಹೊರಟ. ಇದನ್ನು ಕ್ಷಮೆ ಎನ್ನಲು ನನಗೆ ಮನಸ್ಸಿಲ್ಲ. ಚಿತ್ರದ ಅಂತ್ಯ ಹೇಳಿಬಿಡುತ್ತೇನೆ, ಬೇಡವಾದವರು ಈ ಪ್ಯಾರಾ ಬಿಡಿ: ಅಲ್ಲಿಯೂ ಗ್ಲಾಸ್ ಕೊನೆಯ ಏಟು ಹಾಕುವುದಿಲ್ಲ, ಫಿಟ್ಜ್‌ಜೆರಾಲ್ಡ್‌ನನ್ನು ಹೊಳೆಗೆ ತಳ್ಳುತ್ತಾನೆ, ಆಚೆ ದಡದಲ್ಲಿದ್ದ ಅರಿಕಾರಾ ಬುಡಕಟ್ಟಿನ ಜನ ಮುಗಿಸುತ್ತಾರೆ. ನೀವು ಎಣಿಸಿದಷ್ಟು ದೂರ ಇತಿಹಾಸಕ್ಕೂ ಸಿನಿಮಾಕ್ಕೂ ಇಲ್ಲ.

ಮಗನ ಪಾತ್ರದ ಬಗ್ಗೆ ಮಾತ್ರ ನನ್ನ ಅಸಮಾಧಾನ ಇಂದಿಗೂ ಹೋಗಿಲ್ಲ. ಆ ಬಯಲಿನಲ್ಲಿ ಬಂದೂಕಿಲ್ಲದವನಿಗೆ ಆಹಾರವಿಲ್ಲ, ರಕ್ಷಣೆಯಿಲ್ಲ. ಅದನ್ನು ಕಸಿದವನು ಜೀವವನ್ನೇ ಕಸಿದಂತೆ. ಸೇಡಿಗೆ ಅಷ್ಟೇ ಕಾರಣ ಸಾಕಿತ್ತು. ನಿರ್ದೇಶಕ ಇನ್ಯಾರಿತು ಪ್ರೇಕ್ಷಕರನ್ನು ನಂಬಬಹುದಿತ್ತು. ಆದರೆ ಈ ಕೊರತೆಗಾಗಿ ಚಿತ್ರವನ್ನೇ ಬಿಡಬೇಡಿ.

ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಯಾವುದಾದರೂ ಚಲನಚಿತ್ರ ಸಮಾಜ ಇದನ್ನು ಪ್ರದರ್ಶಿಸಿದರೆ ಅಲ್ಲಿಗೆ ಹೋಗಿ, ಇಲ್ಲವಾದರೆ ಸ್ನೇಹಿತರಲ್ಲಿ ಯಾರ ಮನೆಯ ಟಿವಿ ದೊಡ್ಡದೋ ಅವರ ಮನೆಯಲ್ಲಿ, ರಾತ್ರಿ, ದೀಪವನ್ನೆಲ್ಲ ಆರಿಸಿ, ನಡುವೆ ಏಳದೆ ನೋಡಿ. ಫೋನಿನಲ್ಲಂತೂ ಬೇಡವೇ ಬೇಡ.